ನೆಲ್ಲಿಕಾಯಿ ಭರಣಿ, ಗಲ್ಫಿನ ಮಾತ್ರೆ ಮತ್ತು ಚಿಕ್ಕಮ್ಮನ ಗಂಟು ನೋವು

ಕೇರಳಕ್ಕೆ ಸೇರಿದ ಕಾಸರಗೋಡಿನ ಪೆರ್ಲದ ಹತ್ತಿರ ನನ್ನ ಚಿಕ್ಕಮ್ಮನ ಮನೆ. ಹೋದ ವರ್ಷ ಚಾಲಿ ಅಡಿಕೆ ಸುಲಿಯುವ ಸಮಯಕ್ಕೆ ಸರಿಯಾಗಿ ಅವರ ಬೆರಳುಗಳು ಕೈಕೊಟ್ಟವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಚಹಾಪುಡಿ ಡಬ್ಬದ ಮುಚ್ಚಳ ತಿರುಗಿಸಲು ಚಿಕ್ಕಪ್ಪನನ್ನು ಕರೆಯಬೇಕು. ಎರಡೂ ಕೈಯ ಗೆಣ್ಣುಗಳು ಒಂದೇ ರೀತಿ ಊದಿದ್ದವು. ದೋಸೆ ಹೊಯ್ದು ಮುಗಿಯುವ ಹೊತ್ತಿಗೆ, ಅಂದರೆ ಎದ್ದು ಎರಡು ಗಂಟೆ ಕಳೆದ ಮೇಲೆ, ಸ್ವಲ್ಪ ಸಡಿಲ. "ವಾಯು. ಚಳಿ ಹೋದ ಮೇಲೆ ಅದೂ ಹೋಗ್ತದೆ" ಎಂದು ಅವರೇ ತೀರ್ಪು ಕೊಟ್ಟಿದ್ದರು.

ಆಮೇಲೆ ಸಲಹೆಗಳು ಶುರುವಾದವು. ಪಕ್ಕದ ಮನೆಯವರು ಬಂದು, "ಅಕ್ಕಾ, ಹುಳಿ ಮುಟ್ಲೇಬೇಡಿ, ಹುಳಿ ವಾಯು ಎಬ್ಬಿಸ್ತದೆ" ಎಂದರು. ಅಲ್ಲಿಗೆ ಮಜ್ಜಿಗೆ, ನಿಂಬೆ, ಉಪ್ಪಿನಕಾಯಿ, ಪುನರ್ಪುಳಿ ಸಾರು, ಉಪ್ಪುನೀರಲ್ಲಿ ಹಾಕಿಟ್ಟ ನೆಲ್ಲಿಕಾಯಿ ಎಲ್ಲ ಬಂದ್. ವಾರ ಕಳೆಯುವುದರೊಳಗೆ ಅಬುಧಾಬಿಯಲ್ಲಿರುವ ಮಗ ಫೋನ್ ಮಾಡಿದ. "ಅಮ್ಮಾ, ವಿಟಮಿನ್ ಸಿ ಕಮ್ಮಿ ಆದ್ರೆ ಗಂಟುವಾತ ಬರ್ತದಂತೆ, ವಾಟ್ಸಾಪಲ್ಲಿ ಬಂದಿದೆ. ನಾನು ಕಳಿಸ್ತೇನೆ." ಊರಿಗೆ ಹೊರಟ ಯಾರದೋ ಪೆಟ್ಟಿಗೆಯಲ್ಲಿ ನಾಲ್ಕು ಕೊಳವೆ ಬಂತು. ನೀರಿಗೆ ಹಾಕಿದರೆ ಬುಸ್ ಎಂದು ನೊರೆ ಏಳುವ ಮಾತ್ರೆ, ಒಂದೊಂದೂ 1000 ಮಿಲಿಗ್ರಾಂ.

ಹೀಗೆ ಕಪಾಟಿನ ಒಂದೇ ಹಲಗೆಯ ಮೇಲೆ ಮುಟ್ಟಬಾರದ ನೆಲ್ಲಿಕಾಯಿ ಭರಣಿ, ಅದಕ್ಕೆ ತಾಗಿಕೊಂಡು ದಿನಾ ಕುಡಿಯಲೇಬೇಕಾದ ವಿಟಮಿನ್ ಸಿ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಮನೆಯಲ್ಲಿ ಯಾರಿಗೂ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅನಿಸಿರಲಿಲ್ಲ.

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ ಸಂಧಿವಾತ ಅಂದರೆ ಎಲ್ಲವೂ. ವಯಸ್ಸಾದವರ ಮಂಡಿ ಸವೆತ ಸಂಧಿವಾತ, ಯೂರಿಕ್ ಆಸಿಡ್ ಜಾಸ್ತಿಯಾಗಿ ಕಾಲಿನ ಹೆಬ್ಬೆರಳು ಉರಿಯುವುದೂ ಸಂಧಿವಾತ. 2006ರಿಂದ 2009ರ ನಡುವೆ ಕೇರಳದಲ್ಲೂ ದಕ್ಷಿಣ ಕನ್ನಡದಲ್ಲೂ ಚಿಕುನ್‌ಗುನ್ಯಾ ಬಂದಾಗ ಜ್ವರ ಬಿಟ್ಟು ತಿಂಗಳಾದರೂ ಗಂಟು ಬಿಡಲಿಲ್ಲ ಅಲ್ವಾ, ಅದನ್ನೂ ಜನ ಸಂಧಿವಾತ ಎಂದೇ ಕರೆದರು. ಇಲ್ಲಿ ನಾನು ಬರೆಯುತ್ತಿರುವುದು ರುಮಟಾಯ್ಡ್ ಆರ್ಥ್ರೈಟಿಸ್ ಬಗ್ಗೆ. ಆಯುರ್ವೇದದವರು ಆಮವಾತ ಎನ್ನುವುದು ಹೆಚ್ಚುಕಡಿಮೆ ಇದಕ್ಕೇ. ರೋಗಾಣುಗಳ ಮೇಲೆ ಏರಿ ಹೋಗಬೇಕಾದ ದೇಹದ ಕಾವಲು ಪಡೆ ಗಂಟಿನ ಒಳಪದರದ ಮೇಲೆಯೇ ಏರಿ ಹೋಗುತ್ತದೆ. ಪದರ ಊದುತ್ತದೆ, ದಪ್ಪವಾಗುತ್ತದೆ, ನಿಧಾನಕ್ಕೆ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ನೂರಕ್ಕೆ ಒಬ್ಬರಿಗೋ ಇನ್ನೂರಕ್ಕೆ ಒಬ್ಬರಿಗೋ ಬರುವ ಕಾಯಿಲೆ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಎರಡೂ ಬದಿಯ ಸಣ್ಣ ಗಂಟುಗಳು ಜೊತೆಯಾಗಿ ಊದುವುದು, ಬೆಳಗ್ಗೆ ಅರ್ಧ ಗಂಟೆ ಒಂದು ಗಂಟೆ ಬಿಗಿತ ಬಿಡದೇ ಇರುವುದು ಇದರ ಗುರುತು. ಮಂಡಿ ಸವೆತದಲ್ಲಿ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಬಿಗಿತ ಹೋಗುತ್ತದೆ. ಇದರಲ್ಲಿ ಹೋಗುವುದಿಲ್ಲ.

ಇದಕ್ಕೂ ವಿಟಮಿನ್ ಸಿಗೂ ಎಲ್ಲಿಯ ನಂಟು? ಇದೆ, ಪೂರ್ತಿ ಸುಳ್ಳಲ್ಲ. ಹಳೆಯ ನಂಟು ಕೂಡ.

ಹಡಗಿನಲ್ಲಿ ತಿಂಗಳುಗಟ್ಟಲೆ ಹಸಿ ಹಣ್ಣು ತರಕಾರಿ ಇಲ್ಲದೆ ಇದ್ದ ನಾವಿಕರಿಗೆ ಸ್ಕರ್ವಿ ಬರುತ್ತಿತ್ತು. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಮತ್ತೆ ಗಂಟುಗಳಲ್ಲಿ ವಿಪರೀತ ನೋವು. ಗಂಟಿನ ಒಳಗೇ ರಕ್ತ ಸೋರಿ ಊದಿಕೊಳ್ಳುವುದೂ ಇತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಔಷಧ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಎದ್ದು ಕೂತಿತು. ಆಗ ವಿಟಮಿನ್ ಎಂಬ ಹೆಸರೇ ಹುಟ್ಟಿರಲಿಲ್ಲ.

ಕಾರಣ ಗೊತ್ತಾದದ್ದು ಬಹಳ ತಡವಾಗಿ. ಮೃದ್ವಸ್ಥಿ, ಚರ್ಮ, ರಕ್ತನಾಳದ ಗೋಡೆ ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಕೊಲಾಜೆನ್ ಎಂಬ ಪ್ರೋಟೀನ್. ತೆಂಗಿನ ನಾರಿನ ಹುರಿ ಹೊಸೆಯುವುದನ್ನು ನೋಡಿದವರಿಗೆ ಇದು ಸುಲಭ. ಮೂರು ಎಳೆ ಸೇರಿಸಿ ಬಿಗಿಯಾಗಿ ಹೊಸೆದರೆ ಹಗ್ಗ ಗಟ್ಟಿ. ಕೊಲಾಜೆನ್ ಕೂಡ ಮೂರು ಎಳೆಯ ಹುರಿ. ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲಬೇಕಾದರೆ ಅವುಗಳಲ್ಲಿ ಒಂದು ಸಣ್ಣ ರಾಸಾಯನಿಕ ಬದಲಾವಣೆ ಆಗಬೇಕು, ಆ ಕೆಲಸ ನಡೆಯಲು ವಿಟಮಿನ್ ಸಿ ಬೇಕು. ಅದಿಲ್ಲದಿದ್ದರೆ ಹುರಿ ಬಿಚ್ಚಿಕೊಳ್ಳುತ್ತದೆ. ಹೆಚ್ಚಿನ ಪ್ರಾಣಿಗಳು ಈ ವಿಟಮಿನ್ನನ್ನು ಮೈಯೊಳಗೇ ತಯಾರು ಮಾಡಿಕೊಳ್ಳುತ್ತವೆ. ಮನುಷ್ಯನಿಗೂ ಗಿನಿಯಿಲಿಗೂ ಆ ಭಾಗ್ಯ ಇಲ್ಲ, ತಿಂದೇ ಪಡೆಯಬೇಕು.

ಅಂದರೆ ವಿಟಮಿನ್ ಸಿ ತೀರಾ ಕಡಿಮೆಯಾದರೆ ಗಂಟು ನೋಯುತ್ತದೆ, ಇದು ಖಂಡಿತ. ಆದರೆ ಆ ನೋವು ಸ್ಕರ್ವಿಯದ್ದು. ಅದನ್ನೇ ಎಳೆದು "ಗಂಟು ನೋವೆಲ್ಲ ವಿಟಮಿನ್ ಸಿ ಕೊರತೆ" ಎಂದಾಗ ಲೆಕ್ಕ ತಪ್ಪಿತು. ವಾಟ್ಸಾಪ್ ಬರುವ ಮೊದಲೇ ತಪ್ಪಿತ್ತು ಅನ್ನಿ. 1930ರ ದಶಕದಲ್ಲೇ ಕೆಲವು ಸಂಶೋಧಕರು ಈ ರೋಗಿಗಳ ರಕ್ತದಲ್ಲಿ ವಿಟಮಿನ್ ಸಿ ಕಡಿಮೆ ಎಂದು ಗಮನಿಸಿ, ಇದೇ ಮೂಲ ಇರಬಹುದೇ ಎಂದು ಕೇಳಿದ್ದರು.

ಆಮೇಲೆ ಬಂದ ಅಧ್ಯಯನಗಳಲ್ಲಿ ತುಂಬ ಹೆಸರು ಮಾಡಿದ್ದು ಇಂಗ್ಲೆಂಡಿನ ನಾರ್ಫೋಕ್ ಜಿಲ್ಲೆಯದ್ದು. ಅಲ್ಲಿ 1990ರ ದಶಕದಲ್ಲಿ 20 ಸಾವಿರಕ್ಕೂ ಹೆಚ್ಚು ಜನರ ಊಟದ ವಿವರ ಬರೆಸಿಕೊಂಡಿದ್ದರು. ಏಳು ದಿನ ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಡೈರಿಯೇ ಬರೆಯಬೇಕು. ಮುಂದೆ ಅವರಲ್ಲಿ 73 ಮಂದಿಗೆ ಹಲವು ಗಂಟುಗಳು ಊದುವ ಸಂಧಿವಾತ ಬಂತು. ಕಾಯಿಲೆ ಬಾರದವರ ಜೊತೆ ಅವರ ಹಳೆಯ ಡೈರಿಗಳನ್ನು ಹೋಲಿಸಿದಾಗ, ವಿಟಮಿನ್ ಸಿ ಅತಿ ಕಡಿಮೆ ತಿಂದ ಗುಂಪಿಗೆ ಅತಿ ಹೆಚ್ಚು ತಿಂದವರಿಗಿಂತ ಅಪಾಯ ಮೂರು ಪಟ್ಟಿಗೂ ಮೇಲೆ ಎಂದು ಕಂಡಿತು. 2004ರಲ್ಲಿ ಇದು ಪ್ರಕಟವಾಯಿತು. ನಿಮಗೆ ಬರುವ ಫಾರ್ವರ್ಡ್‌ಗಳಲ್ಲಿ "ಮೂರು ಪಟ್ಟು" ಎಂಬ ಮಾತು ಕಂಡರೆ ಅದರ ಬೇರು ಬಹುಶಃ ಇಲ್ಲಿದೆ.

ಒಳ್ಳೆಯ ಅಧ್ಯಯನವೇ. ಕಾಯಿಲೆ ಬರುವ ಮೊದಲೇ ಊಟ ದಾಖಲಾಗಿತ್ತು ಎಂಬುದು ಅದರ ಬಲ. ಆದರೆ 73 ಸಣ್ಣ ಸಂಖ್ಯೆ. ಅವರಿಗೆಲ್ಲ ಬಂದದ್ದು ಕಟ್ಟುನಿಟ್ಟಾಗಿ ರುಮಟಾಯ್ಡ್ ಎಂದೂ ಅಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹಣ್ಣು ಕಡಿಮೆ ತಿನ್ನುವವರು ಬೇರೆ ವಿಷಯಗಳಲ್ಲೂ ಬೇರೆಯೇ ಇರುತ್ತಾರೆ. ಸಿಗರೇಟು ಜಾಸ್ತಿ ಇರಬಹುದು, ಕೈಯಲ್ಲಿ ಕಾಸು ಕಡಿಮೆ ಇರಬಹುದು. ಧೂಮಪಾನ ಈ ಕಾಯಿಲೆಗೆ ಚೆನ್ನಾಗಿ ಸಾಬೀತಾದ ಹೊರಗಿನ ಕಾರಣ, ಅದೇ ಹೊಗೆ ದೇಹದ ವಿಟಮಿನ್ ಸಿಯನ್ನೂ ಸುಡುತ್ತದೆ. ಸೇದುವವರು ದಿನಕ್ಕೆ 35 ಮಿಲಿಗ್ರಾಂ ಹೆಚ್ಚುವರಿ ತೆಗೆದುಕೊಳ್ಳಬೇಕು ಎಂದು ಅಮೆರಿಕದ ಆಹಾರ ಸೂಚನೆ ಹೇಳುವುದು ಅದಕ್ಕೇ. ಸಂಶೋಧಕರು ಸಿಗರೇಟಿನ ಲೆಕ್ಕ ಕಳೆದೇ ನೋಡಿದ್ದರು, ನಿಜ. ಆದರೂ ಒಬ್ಬ ಮನುಷ್ಯನ ಬದುಕಿನ ಅಭ್ಯಾಸಗಳನ್ನೆಲ್ಲ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ.

ಇನ್ನು ರೋಗಿಗಳ ರಕ್ತದಲ್ಲಿ ವಿಟಮಿನ್ ಸಿ ಕಡಿಮೆ ಇರುವ ಸಂಗತಿ. ಬಾಣ ಎತ್ತ ಕಡೆ ತಿರುಗಿದೆ? ಕೊರತೆಯಿಂದ ಕಾಯಿಲೆಯೋ, ಕಾಯಿಲೆಯಿಂದ ಕೊರತೆಯೋ? ಊದಿದ ಗಂಟಿನೊಳಗೆ ಬಿಳಿ ರಕ್ತಕಣಗಳು ತುಂಬಿಕೊಂಡು ಸುಡುವಂಥ ರಾಸಾಯನಿಕಗಳನ್ನು ಚೆಲ್ಲುತ್ತವೆ, ಅವುಗಳನ್ನು ತಣಿಸುವುದರಲ್ಲಿ ವಿಟಮಿನ್ ಸಿ ಖರ್ಚಾಗುತ್ತದೆ. ಔಷಧದ ಪಾಲೂ ಇದೆ. ದಿನಾ ಆಸ್ಪಿರಿನ್ ನುಂಗುತ್ತಿದ್ದ ರೋಗಿಗಳ ರಕ್ತಕಣಗಳಲ್ಲಿ ವಿಟಮಿನ್ ಸಿ ಇಳಿದಿದ್ದನ್ನು 1971ರಲ್ಲೇ ತೋರಿಸಿದ್ದಾರೆ. ಇವೆರಡರ ಪಕ್ಕಕ್ಕೆ ನಮ್ಮ ಊರಿನಿಂದ ನಾನು ಮೂರನೆಯದೊಂದು ಸೇರಿಸುತ್ತೇನೆ, ಪಥ್ಯ. ಗಂಟು ನೋವು ಶುರುವಾದ ದಿನದಿಂದ ಚಿಕ್ಕಮ್ಮ ಬಿಟ್ಟದ್ದು ಏನನ್ನು? ನಿಂಬೆ, ನೆಲ್ಲಿಕಾಯಿ, ಅಂಬಟೆ, ಕಿತ್ತಳೆ. ಪೇರಳೆ ಕೂಡ, "ಶೀತ" ಎಂದು. ಮೂರು ತಿಂಗಳು ಹೀಗೆ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿದರೆ ವಿಟಮಿನ್ ಸಿ ಕಡಿಮೆ ಬಾರದೆ ಇನ್ನೇನು? ಅದನ್ನು ನೋಡಿ "ಕೊರತೆಯಿಂದಲೇ ಕಾಯಿಲೆ" ಎಂದರೆ, ಕೊಡೆ ಹಿಡಿದವರು ಜಾಸ್ತಿ ಇದ್ದದ್ದರಿಂದ ಮಳೆ ಬಂತು ಅಂದ ಹಾಗೆ.

ಇರಲಿ, ಕಾರಣ ಯಾವುದೇ ಆಗಿರಲಿ, ಕಡಿಮೆ ಇದ್ದರೆ ಮಾತ್ರೆಯಲ್ಲಿ ತುಂಬಿಸಿದರಾಯಿತಲ್ಲ ಎಂದು ಕೇಳಬಹುದು. ನನಗೂ ಹಾಗೇ ಅನಿಸಿತ್ತು. ಫಿನ್ಲೆಂಡಿನವರಿಗೂ ಒಮ್ಮೆ ಅನಿಸಿತ್ತು. ಬೀಟಾ ಕ್ಯಾರೋಟಿನ್ ಚೆನ್ನಾಗಿ ಸಿಗುವ ತರಕಾರಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡಿತ್ತು. ಸರಿ, ಅದನ್ನೇ ಮಾತ್ರೆ ಮಾಡಿ ಸುಮಾರು 29 ಸಾವಿರ ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ಪ್ರಯೋಗ ನಡೆಸಿದರು. ಕೆಲವರಿಗೆ ನಿಜ ಮಾತ್ರೆ, ಕೆಲವರಿಗೆ ಹುಸಿ ಮಾತ್ರೆ. 1994ರಲ್ಲಿ ಫಲಿತಾಂಶ ಬಂದಾಗ, ನಿಜ ಮಾತ್ರೆ ನುಂಗಿದವರಲ್ಲೇ ಕ್ಯಾನ್ಸರ್ ನೂರಕ್ಕೆ 18ರಷ್ಟು ಜಾಸ್ತಿ! ಕ್ಯಾರೆಟ್ ತಿನ್ನುವುದಕ್ಕೂ ಕ್ಯಾರೆಟಿನಿಂದ ಒಂದು ವಸ್ತು ತೆಗೆದು ನುಂಗುವುದಕ್ಕೂ ಅಷ್ಟು ಅಂತರ.

ವಿಟಮಿನ್ ಸಿ ಹಾಗೆ ಕೆಡುಕು ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅದೊಂದನ್ನೇ ಕೊಟ್ಟು ರುಮಟಾಯ್ಡ್ ಹಿಡಿತಕ್ಕೆ ಬಂತು ಎಂದು ತೋರಿಸಿದ ದೊಡ್ಡ ಪ್ರಯೋಗ ಒಂದೂ ಇಲ್ಲ. ಸಣ್ಣಪುಟ್ಟ ಪ್ರಯೋಗಗಳಿವೆ, ಅವುಗಳ ಮೇಲೆ ಚಿಕಿತ್ಸೆ ನಿಲ್ಲಿಸಲಾಗುವುದಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2022ರಲ್ಲಿ ಊಟ, ವ್ಯಾಯಾಮದ ಬಗ್ಗೆ ಮಾರ್ಗಸೂಚಿ ತಯಾರಿಸಿತು. ತರಕಾರಿ, ಹಣ್ಣು, ಮೀನು, ಬೇಳೆಕಾಳು, ಆಲಿವ್ ಎಣ್ಣೆ ಇರುವ ಮೆಡಿಟರೇನಿಯನ್ ಊಟಕ್ಕೆ ಅವರು ಎಚ್ಚರಿಕೆಯ ಹೂಂ ಅಂದಿದ್ದಾರೆ, ಪೂರಕ ಮಾತ್ರೆಗಳಿಗೆ ಅಷ್ಟೇ ಎಚ್ಚರಿಕೆಯ ಬೇಡ. ನಮ್ಮ ಅಡುಗೆಮನೆಯಲ್ಲಿ ಆಲಿವ್ ಎಣ್ಣೆ ಇಲ್ಲ. ಬೂತಾಯಿ, ಹೆಸರುಕಾಳು, ಹರಿವೆ ಸೊಪ್ಪು ಇದೆಯಲ್ಲ.

ಒಂದು ಕುತೂಹಲದ ಸಂಗತಿ. 2004ರಲ್ಲೇ, ನಾರ್ಫೋಕ್ ಲೇಖನ ಬಂದ ವರ್ಷವೇ, ಗಿನಿಯಿಲಿಗಳಿಗೆ ತಿಂಗಳುಗಟ್ಟಲೆ ಹೆಚ್ಚು ವಿಟಮಿನ್ ಸಿ ಕೊಟ್ಟು ನೋಡಿದ ಪ್ರಯೋಗ ಪ್ರಕಟವಾಯಿತು. ಅವುಗಳ ಮಂಡಿ ಸವೆತ ಇನ್ನೂ ಜಾಸ್ತಿಯಾಗಿತ್ತು. ಅದು ಸವೆತದ ಮಾತು, ರುಮಟಾಯ್ಡ್ ಅಲ್ಲ, ಅಲ್ಲದೆ ಇಲಿಯ ಲೆಕ್ಕ ಮನುಷ್ಯನಿಗೆ ನೇರ ಹಚ್ಚುವಂತಿಲ್ಲ. ಆದರೆ ಈ ಇಲಿ ಯಾವ ಫಾರ್ವರ್ಡಿನಲ್ಲೂ ಬರುವುದಿಲ್ಲ, ಗಮನಿಸಿ.

ಹಾಗಾದರೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ ದಿನಕ್ಕೆ ಹೆಂಗಸರಿಗೆ 65, ಗಂಡಸರಿಗೆ 80 ಮಿಲಿಗ್ರಾಂ. ಒಂದು ಹದ ಗಾತ್ರದ ಪೇರಳೆಯಲ್ಲಿ ಇದರ ಎರಡು ಪಟ್ಟಿಗೂ ಜಾಸ್ತಿ ಸಿಗುತ್ತದೆ. ಕರುಳು ಕೂಡ ಮಿತಿ ಇಟ್ಟುಕೊಂಡಿದೆ. ಊಟದ ಪ್ರಮಾಣದಲ್ಲಿ ಬಂದ ವಿಟಮಿನ್ ಸಿಯ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಒಮ್ಮೆಲೇ 1000 ಮಿಲಿಗ್ರಾಂ ಮೀರಿದರೆ ಅರ್ಧಕ್ಕಿಂತ ಕಡಿಮೆ. ಒಳಗೆ ಹೋದದ್ದರಲ್ಲೂ ಬೇಡದ್ದು ಮೂತ್ರದಲ್ಲಿ ಹೋಗುತ್ತದೆ. ಮಗ ಬೆವರು ಸುರಿಸಿ ದುಡಿದು ಕಳಿಸಿದ ದಿರ್ಹಮ್ ಹೋಗುವ ದಾರಿ ಅದು.

ಮೂತ್ರದಲ್ಲಿ ಹೋದರೆ ನಷ್ಟ ದುಡ್ಡಿಗೆ ಮಾತ್ರ ಎಂದುಕೊಳ್ಳಬೇಡಿ. ವಿಟಮಿನ್ ಸಿಯ ಒಂದು ಪಾಲು ದೇಹದಲ್ಲಿ ಆಕ್ಸಲೇಟ್ ಆಗಿ ಬದಲಾಗುತ್ತದೆ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಆಗುವುದು ಇದರಿಂದಲೇ. ಸ್ವೀಡನ್ನಿನಲ್ಲಿ ಸುಮಾರು 23 ಸಾವಿರ ಗಂಡಸರನ್ನು 11 ವರ್ಷ ಗಮನಿಸಿದಾಗ, ವಿಟಮಿನ್ ಸಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕಲ್ಲಿನ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟು ಕಂಡಿತು.

ಆಕ್ಸಲೇಟ್ ಅಂದಾಗ ಅದು ತುಂಬಿಕೊಂಡಿರುವ ನಮ್ಮ ಹಿತ್ತಿಲ ಬಿಂಬುಳಿಯ ಮಾತು ಬರಲೇಬೇಕು. ಮರದ ಕಾಂಡಕ್ಕೇ ಗೊಂಚಲು ಗೊಂಚಲಾಗಿ ಜೋತುಬೀಳುವ ಹಸಿರು ಕಾಯಿ, ಮೀನು ಸಾರಿಗೆ ಎರಡು ಹಾಕಿದರೆ ಸಾಕು, ಹಲ್ಲು ಚುಳ್ ಎನ್ನುತ್ತದೆ. ಕೊಲೆಸ್ಟರಾಲಿಗೆ ಒಳ್ಳೆಯದು ಎಂದು ಯಾರೋ ಹೇಳಿದ್ದನ್ನು ನಂಬಿ ಕೇರಳದಲ್ಲಿ ಕೆಲವರು ಇದರ ಜ್ಯೂಸ್ ಮಾಡಿ ಲೋಟಗಟ್ಟಲೆ ಕುಡಿದರು. ಐದು ಆಸ್ಪತ್ರೆಗಳಲ್ಲಿ ಹತ್ತು ಮಂದಿಯ ಮೂತ್ರಪಿಂಡ ಹಠಾತ್ತಾಗಿ ಕೆಟ್ಟದ್ದು 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಸಾರಿಗೆ ಹಾಕಿದ ಎರಡು ಕಾಯಿಗೂ ಖಾಲಿ ಹೊಟ್ಟೆಗೆ ಕುಡಿದ ಲೋಟಕ್ಕೂ ಹೋಲಿಕೆ ಇಲ್ಲ. "ನೈಸರ್ಗಿಕ, ಏನೂ ಆಗುವುದಿಲ್ಲ" ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಗಂಟು ನೋವಿನವರು ಇದನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಕೇಳಬೇಕು. ಅವರು ನುಂಗುವ ನೋವಿನ ಮಾತ್ರೆಗಳು ಈಗಾಗಲೇ ಮೂತ್ರಪಿಂಡಕ್ಕೆ ಹೊರೆ. ಈ ಕಾಯಿಲೆಯ ಮುಖ್ಯ ಔಷಧ ಮೆಥೋಟ್ರೆಕ್ಸೇಟ್ ದೇಹದಿಂದ ಹೊರಗೆ ಹೋಗುವುದೂ ಮೂತ್ರಪಿಂಡದ ಮೂಲಕವೇ. ಅದು ಸೊರಗಿದರೆ ಔಷಧ ಮೈಯಲ್ಲೇ ಉಳಿದು ವಿಷವಾಗುತ್ತದೆ.

ಈಗ ಹುಳಿಯ ಕಡೆಗೆ ಬರೋಣ. ಹುಳಿಯೇ ವಿಟಮಿನ್ ಸಿ ಎಂದು ನಾವು ಲೆಕ್ಕ ಹಾಕಿದ್ದೇವೆ. ಹಂಗೆರಿಯ ಸೆಂಟ್ ಜೋರ್ಜಿ 1930ರ ದಶಕದಲ್ಲಿ ಈ ವಿಟಮಿನ್ನನ್ನು ಸೇರುಗಟ್ಟಲೆ ತೆಗೆದದ್ದು ಯಾವುದರಿಂದ ಗೊತ್ತೇ? ತನ್ನ ಊರಿನ ಕೆಂಪು ಮೆಣಸಿನಕಾಯಿಯಿಂದ. 1937ರಲ್ಲಿ ನೊಬೆಲ್ ಬಂತು. ಮೆಣಸು ಹುಳಿ ಅಲ್ಲವೇ ಅಲ್ಲ. ಪೇರಳೆಯೂ ಅಲ್ಲ, ನುಗ್ಗೆ ಸೊಪ್ಪೂ ಅಲ್ಲ. ಮೂರರಲ್ಲೂ ವಿಟಮಿನ್ ಸಿ ತುಂಬಿದೆ. ಇತ್ತ ಹುಣಸೆಹಣ್ಣು ಬಾಯಿ ಚಪ್ಪರಿಸುವಷ್ಟು ಹುಳಿ, ವಿಟಮಿನ್ ಸಿ ಲೆಕ್ಕಕ್ಕಿಲ್ಲ. ನಾಲಗೆ ಕೊಡುವ ಸಾಕ್ಷಿ ಇಲ್ಲಿ ನಡೆಯುವುದಿಲ್ಲ.

ನಮ್ಮ ಕಡೆ ಬೇಸಗೆಯಲ್ಲಿ ನೆಲಕ್ಕೆ ಬಿದ್ದು ಕೊಳೆಯುವ ಗೇರುಹಣ್ಣಿನಲ್ಲಿ ಕಿತ್ತಳೆಯ ನಾಲ್ಕೈದು ಪಟ್ಟು ವಿಟಮಿನ್ ಸಿ ಇದೆ. ಬೀಜ ತಿರುಗಿಸಿ ಕಿತ್ತುಕೊಂಡು ಹಣ್ಣು ಎಸೆಯುತ್ತೇವೆ. ಗಂಟಲು ಕೆರೆಯುತ್ತದೆ, ಬಟ್ಟೆಗೆ ಕಲೆ ಆಗುತ್ತದೆ, ಸರಿ. ಗೇರು ಅಂದರೆ ಈ ಸೀಮೆಯವರಿಗೆ ಹಣ್ಣಿಗಿಂತ ಮೊದಲು ಎಂಡೋಸಲ್ಫಾನ್ ಕೀಟನಾಶಕ ನೆನಪಾಗುವುದೂ ಸಹಜ, 2000ದವರೆಗೂ ಹೆಲಿಕಾಪ್ಟರಿನಿಂದ ಅದನ್ನು ಸುರಿದ ಗುಡ್ಡಗಳು ಇವು. ಆದರೂ ಮನೆಯ ಹಿಂದಿನ ಮರದ ಹಣ್ಣನ್ನು ಉಪ್ಪು ಹಚ್ಚಿ ತಿಂದರೆ ಒಂದು ದಿನದ ಲೆಕ್ಕ ಮುಗಿದು ಉಳಿಯುತ್ತದೆ.

ಬೇಯಿಸಿದರೆ ವಿಟಮಿನ್ ಸಿ ಹೋಗುತ್ತದೆ, ನೀರಿಗೆ ಬಿಟ್ಟುಕೊಳ್ಳುತ್ತದೆ. ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡುವ ನಮ್ಮ ಪದ್ಧತಿ ಆ ಲೆಕ್ಕದಲ್ಲಿ ಸರಿ. ಕುದಿಸದೇ ಮಾಡುವ ತಂಬುಳಿ ಇನ್ನೂ ವಾಸಿ.

ಪಥ್ಯವನ್ನು ಗೇಲಿ ಮಾಡುವ ಉದ್ದೇಶ ನನಗಿಲ್ಲ. ಯಾವುದೋ ಒಂದು ಪದಾರ್ಥ ತಿಂದ ಮರುದಿನ ನಿಮಗೆ ಪ್ರತಿ ಸಲ ಊತ ಜಾಸ್ತಿ ಆಗುತ್ತದೆ ಎಂದಾದರೆ ಅದೊಂದನ್ನು ಬಿಡಿ. ಆದರೆ ಹುಳಿ ಅಂದರೆ ಎಲ್ಲವೂ, ಶೀತ ಅಂದರೆ ಎಲ್ಲವೂ ಎಂದು ಬಿಡುತ್ತಾ ಹೋದರೆ ತಟ್ಟೆಯಲ್ಲಿ ಉಳಿಯುವುದು ಕುಚ್ಚಲಕ್ಕಿ ಗಂಜಿ ಮತ್ತು ಹುರಿದ ಹಪ್ಪಳ.

ಚಿಕ್ಕಮ್ಮನ ವಿಷಯದಲ್ಲಿ ನನಗೆ ಹೊಟ್ಟೆ ಉರಿಯುವುದು ಮಾತ್ರೆಗೆ ಸುರಿದ ದುಡ್ಡಿನ ಬಗ್ಗೆ ಅಲ್ಲ, ಕಳೆದ ನಾಲ್ಕು ತಿಂಗಳ ಬಗ್ಗೆ. ಈ ಕಾಯಿಲೆಯಲ್ಲಿ ಎಲುಬು ಕೊರೆಯುವುದು ಮೊದಲ ತಿಂಗಳುಗಳಲ್ಲೇ ಶುರುವಾಗುತ್ತದೆ. ಗಂಟು ಊದಿದವರನ್ನು ಆರು ವಾರದೊಳಗೆ ತಜ್ಞರು ನೋಡಬೇಕು, ಮೂರು ತಿಂಗಳೊಳಗೆ ಔಷಧ ಶುರುವಾಗಬೇಕು ಎಂಬುದು ಯುರೋಪಿನ ಸಂಧಿವಾತ ತಜ್ಞರ ಸೂಚನೆ. ನಾವು ಆ ಸಮಯವನ್ನು ನೊರೆ ನೀರು ಕುಡಿಯುತ್ತಾ ಕಳೆದೆವು. ಕೊನೆಗೆ ಕುಂಬಳೆಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ, ತಲಪಾಡಿ ದಾಟಿ ಮಂಗಳೂರಿನಲ್ಲಿ ತೋರಿಸಿದ್ದಾಯಿತು. ಈ ಕಾಯಿಲೆ ಗುರುತಿಸಲು ಮಾಡುವ ರಕ್ತ ಪರೀಕ್ಷೆಗಳಾದ ರುಮಟಾಯ್ಡ್ ಫ್ಯಾಕ್ಟರ್, ಆಂಟಿ ಸಿಸಿಪಿ ಎರಡೂ ಪಾಸಿಟಿವ್. ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ, ಜೊತೆಗೆ ಫೋಲಿಕ್ ಆಸಿಡ್.

ವಾರಕ್ಕೊಮ್ಮೆ ಎಂಬ ಮಾತನ್ನು ನಾನು ಎರಡು ಸಲ ಬರೆಯಬೇಕು. ಈ ಮಾತ್ರೆ ವಾರಕ್ಕೊಮ್ಮೆ. ಮರೆತು ದಿನಾ ನುಂಗಿ ಸತ್ತವರಿದ್ದಾರೆ. ಎರಡನೆಯ ತಿಂಗಳ ಮಾತ್ರೆಯನ್ನು ಊರಿನ ಹತ್ತಿರವೇ ಒಂದು ಅಂಗಡಿಯಲ್ಲಿ ತೆಗೆದುಕೊಂಡೆವು. ಲಕೋಟೆಯ ಮೇಲೆ ಬರೆದದ್ದು ಮಲಯಾಳದಲ್ಲಿ. ಚಿಕ್ಕಮ್ಮನಿಗೆ ಮಲಯಾಳ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಗಡಿಯ ಈಚೆ ಕನ್ನಡ ಶಾಲೆಯಲ್ಲಿ ಕಲಿತ ಅವರ ವಯಸ್ಸಿನ ಎಷ್ಟೋ ಮಂದಿಯ ಕಥೆ ಅದು. ಮೂರನೆಯ ದಿನ ನಾನು ಸುಮ್ನೆ ಡಬ್ಬ ನೋಡಿದಾಗ ಎರಡು ಮಾತ್ರೆ ಖಾಲಿ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ. ರಕ್ತ ಪರೀಕ್ಷೆ ಮಾಡಿಸಿದೆವು, ಏನೂ ಆಗಿರಲಿಲ್ಲ. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಬುಧವಾರಗಳಿಗೆ ಕೆಂಪು ಪೆನ್ನಿನ ಸುತ್ತು ಇದೆ, ಪಕ್ಕದಲ್ಲಿ ಕನ್ನಡದಲ್ಲಿ "ಗಂಟಿನ ಮಾತ್ರೆ". ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣ, ಲಿವರ್, ಮೂತ್ರಪಿಂಡದ ಪರೀಕ್ಷೆ.

ವಿಟಮಿನ್ ಸಿ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿದೆ. "ನೆಲ್ಲಿಕಾಯಿ ತಿನ್ತೀರಾ ಅಮ್ಮಾ?" ಎಂದು ಅವರು ಚಿಕ್ಕಮ್ಮನನ್ನೇ ಕೇಳಿದರು. "ಬಿಟ್ಟಿದ್ದೇನೆ ಡಾಕ್ಟ್ರೇ, ಹುಳಿ ಅಲ್ವಾ?" ಎಂದರು ಇವರು. ಡಾಕ್ಟರು ನಕ್ಕು, "ಅದನ್ನು ತಿನ್ನಿ, ಇದನ್ನು ಬಿಡಿ" ಎಂದು ಕೊಳವೆಯನ್ನು ನನ್ನ ಕಡೆ ತಳ್ಳಿದರು.

ಮೊನ್ನೆ ಹೋದಾಗ ಊಟಕ್ಕೆ ನೆಲ್ಲಿಕಾಯಿ ತಂಬುಳಿ ಇತ್ತು. ಭರಣಿಯ ಮುಚ್ಚಳ ತೆಗೆದದ್ದು ಯಾರು ಎಂದು ಕೇಳಿದೆ. "ನಾನೇ" ಅಂದರು ಚಿಕ್ಕಮ್ಮ. ಎಡಗೈಯ ನಡುಬೆರಳು ಮಾತ್ರ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ.